ಹಂಡೆ ನೀರು ಮತ್ತು ಹಳೆಯ ತುರಿಕೆ

ಸಕಲೇಶಪುರದ ಚಳಿಯಲ್ಲಿ ಹಂಡೆಯಿಂದ ಮೊಗೆದ ಸುಡುನೀರು ಬೆನ್ನಿಗೆ ಬಿದ್ದರೆ ತುರಿಕೆ ಒಂದು ಗಳಿಗೆ ಸತ್ತಂತಾಗುತ್ತದೆ. ಆ ಸುಖಕ್ಕೆ ನಾನೂ ಎರಡು ವರ್ಷ ಮರುಳಾಗಿದ್ದೆ. ರಾತ್ರಿ ಅದು ಎದ್ದು ಕೂರುತ್ತಿತ್ತು. ಬೆಳಗ್ಗೆ ನೋಡಿದರೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನಿಗೇ ಈ ಗತಿ.

ನನ್ನದು ವಯಸ್ಸಿನ ಒಣಚರ್ಮ, ಅಷ್ಟೇ. ಆದರೆ ಊರಿನ ನಿವೃತ್ತ ಸೈನಿಕರು ಮುಲಾಮು ಕೇಳಿಕೊಂಡು ಬಂದಾಗ ಇರಾನಿನವರ ಕಥೆ ಹೇಳುತ್ತೇನೆ. 1980ರಿಂದ 1988ರವರೆಗಿನ ಯುದ್ಧದಲ್ಲಿ ಇರಾಕ್ ಅವರ ಮೇಲೆ ಸಾಸಿವೆ ಅನಿಲ ಪ್ರಯೋಗಿಸಿತು. ಹೆಸರಿಗೆ ಅನಿಲ, ಅಸಲಿಗೆ ಎಣ್ಣೆಯಂಥ ದ್ರವ. ಬಟ್ಟೆ ದಾಟಿ ಚರ್ಮಕ್ಕಿಳಿಯುತ್ತದೆ, ಗಂಟೆಗಳು ಕಳೆದ ಮೇಲೆ ಬೊಬ್ಬೆ ಏಳುತ್ತವೆ. ಬೊಬ್ಬೆ ಮಾಗಿದರೂ ಎಷ್ಟೋ ಜನರಿಗೆ ತುರಿಕೆ ದಶಕಗಳ ಕಾಲ ಉಳಿಯಿತು. ಅಲ್ಲಿನ ವೈದ್ಯರು ಶೇ 1ರಷ್ಟು ಮೆಂಥಾಲ್, ಶೇ 1ರಷ್ಟು ಫೀನಾಲ್ ಸೇರಿಸಿದ ಕ್ರೀಮ್, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು, ಸ್ಟೀರಾಯ್ಡ್ ಅಲ್ಲದ ಪಿಮೆಕ್ರೋಲಿಮಸ್ ಕ್ರೀಮ್, ಲೋಳೆಸರ ಮತ್ತು ಆಲಿವ್ ಎಣ್ಣೆಯ ಕ್ರೀಮ್ ಎಲ್ಲವನ್ನೂ ಪರೀಕ್ಷಿಸಿದರು. ತುರಿಕೆ ತಗ್ಗಿತು, ಬೇರು ಹೋಗಲಿಲ್ಲ. ಪೂರ್ತಿ ವಾಸಿ ಎಂದು ಯಾರಾದರೂ ಡಬ್ಬಿ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

ಮೊದಲ ಮದ್ದು ಬಚ್ಚಲಿನಲ್ಲಿದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ಟವೆಲಿನಿಂದ ಉಜ್ಜದೆ ಒತ್ತಿಕೊಳ್ಳಿ. ಮೈ ಇನ್ನೂ ತೇವವಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಪರಿಮಳವಿಲ್ಲದ ಮಾಯಿಶ್ಚರೈಸರ್ ಸವರಿ. ನನ್ನ ಡಬ್ಬಿ ಬಚ್ಚಲಿನ ಕಿಟಕಿಯಲ್ಲೇ ಇರುತ್ತದೆ, ಏಕೆಂದರೆ ಕೋಣೆಗೆ ನಡೆದು ಬರುವಷ್ಟರಲ್ಲಿ ಕಾಲು ಒಣಗಿ ಬಿಳಿಗೀರು ಮೂಡಿರುತ್ತದೆ. ಡಿಸೆಂಬರಿನಲ್ಲಿ ಜೆಲ್ಲಿ ಗಟ್ಟಿಯಾಗುತ್ತದೆ, ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿಕೊಳ್ಳಬೇಕು. ಕೊಬ್ಬರಿ ಎಣ್ಣೆಯೂ ಆದೀತು.

ಇದಾದ ಮೇಲೂ ಕೆರೆತ ಕಾಡಿದರೆ ಮೆಂಥಾಲ್ ಕ್ರೀಮ್. ಅದು ಚರ್ಮದ ತಂಪಿನ ನರಗಳನ್ನು ಎಬ್ಬಿಸುತ್ತದೆ, ಮಿದುಳು ತುರಿಕೆಯನ್ನು ಸ್ವಲ್ಪ ಮರೆಯುತ್ತದೆ. ಗಾಯ, ಒಡೆದ ಚರ್ಮಕ್ಕೆ ಬೇಡ. ಫೀನಾಲನ್ನು ಮನೆಯಲ್ಲಿ ಬೆರೆಸುವ ಸಾಹಸವಂತೂ ಬೇಡವೇ ಬೇಡ. ಪ್ರಮಾಣ ತಪ್ಪಿದರೆ ಸುಡುತ್ತದೆ. ಹಿತ್ತಲಿನ ಲೋಳೆಸರ ಮುರಿದಾಗ ಒಸರುವ ಹಳದಿ ಹಾಲು ಕೂಡ ಕೆರಳಿಸುತ್ತದೆ.

ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಬರೆದಷ್ಟು ದಿನ, ಬರೆದ ಜಾಗಕ್ಕೆ ಮಾತ್ರ ಹಚ್ಚಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒತ್ತಿದ ಒಂದು ಗೆರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಮ್ಮಲ್ಲಿ ಟ್ಯೂಬು ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ, ಹುಳುಕಡ್ಡಿಗೂ ಅದೇ. ಹುಳುಕಡ್ಡಿ ಅದರಡಿ ಮರೆಯಾಗಿ ಹರಡುತ್ತದೆ, ಚರ್ಮ ಕಾಗದದಂತೆ ತೆಳುವಾಗುತ್ತದೆ. ಮುಖ, ಮಡಿಕೆಗಳಿಗೆ ಪಿಮೆಕ್ರೋಲಿಮಸ್ ಬರೆದುಕೊಟ್ಟರೆ ಮೊದಲ ಕೆಲವು ದಿನ ಉರಿಯುವುದು ಮಾಮೂಲು.

ದದ್ದು ಕಾಣದೆ ಬರೀ ತುರಿಕೆಯಾದರೆ ಸಕ್ಕರೆ, ಥೈರಾಯ್ಡ್, ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ. ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆಯ ಕಾರ್ಡಿದೆಯಲ್ಲ, ಬೀರುವಿನಿಂದ ಹೊರತೆಗೆಯಿರಿ. ಹಳೆಯ ಸುಟ್ಟ ಕಲೆಯಲ್ಲಿ ಗಂಟು ಎದ್ದರೆ, ಹುಣ್ಣು ಮಾಯದಿದ್ದರೆ ಯಾವ ಮುಲಾಮೂ ಹಚ್ಚದೆ ಅದೇ ವಾರ ಚರ್ಮವೈದ್ಯರಿಗೆ ತೋರಿಸಿ.