ರಾತ್ರಿ ಎರಡೂವರೆಗೆ ಬಾಯ್ಲರ್ ಪಕ್ಕ ಯಾರಿರಬೇಕು?

ಬಾಯ್ಲರಿನ ಒಳಗೆ ನೀರು ಎಷ್ಟಿದೆ ಅಂತ ತೋರಿಸುವ ಗಾಜಿನ ಕೊಳವೆ, ಅಂದರೆ ಗೇಜ್ ಗ್ಲಾಸಿನಲ್ಲಿ, ನೀರು ಮುಕ್ಕಾಲು ಭಾಗ ಕಾಣುತ್ತಿತ್ತು. ಪ್ರೆಶರ್ ಚದರ ಸೆಂಟಿಮೀಟರಿಗೆ 9 ಕೆಜಿ. ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಯಾರು ನೋಡಿದರೂ ಎಲ್ಲ ಸರಿಯಿದೆ ಅನ್ನುತ್ತಿದ್ದರು. ನನಗೆ ಕಸಿವಿಸಿಯಾಗಿದ್ದು ಒಂದೇ ಕಾರಣಕ್ಕೆ. ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪಿನ ಸದ್ದು ಕೇಳಿಸುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಕಡೆ, ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಗಂಟೆಗೆ 5 ಟನ್ ಸ್ಟೀಮ್ ಕೊಡುವ ಬಾಯ್ಲರ್. 10.54 ಕೆಜಿ ಪ್ರೆಶರಿನದು, ನೀಲಗಿರಿ ಸೌದೆ ಹಾಕಿ ಉರಿಸುವಂಥದ್ದು. ನಾನು ಬಾಯ್ಲರ್ ಆಪರೇಷನ್ ಎಂಜಿನಿಯರ್ ಪರೀಕ್ಷೆ ಪಾಸು ಮಾಡಿಕೊಂಡು ಅಲ್ಲಿಗೆ ಸೇರಿ ಮೂರು ವಾರವಾಗಿತ್ತು. ನನ್ನ ಕೆಲಸ ಹಗಲು ಮಾತ್ರ. ಆ ದಿನ ಸ್ಟೀಮ್ ಟ್ರ್ಯಾಪ್ (ಸ್ಟೀಮ್ ಪೈಪಿನಲ್ಲಿ ತಣಿದು ನಿಂತ ನೀರನ್ನು ಹೊರಗೆ ಬಿಡುವ ಸಾಧನ) ಬದಲಿಸುವ ಕೆಲಸ ಮುಗಿಯದೆ ರಾತ್ರಿಯೂ ಉಳಿದುಕೊಂಡಿದ್ದೆ.

ರಾತ್ರಿ ಶಿಫ್ಟಿನಲ್ಲಿ ಇದ್ದವರು ಬಾಯ್ಲರ್ ನಡೆಸುವ ಹಿರಿಯ ಅಟೆಂಡೆಂಟ್. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು.

"ಅಣ್ಣಾ, ಪಂಪ್ ಯಾವಾಗ ಓಡಿದ್ದು?" ಅಂತ ಕೇಳಿದೆ.

"ಈಗ ಸ್ವಲ್ಪ ಹೊತ್ತಾಯ್ತು ಸಾರ್. ನೀರು ಫುಲ್ ಇದೆಯಲ್ಲ, ಅದಕ್ಕೇ ಓಡ್ತಿಲ್ಲ."

ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷ ಆಗಿತ್ತು. ಡೈಯಿಂಗ್ ಮೆಷಿನ್ನುಗಳು ಗಂಟೆಗೆ ಮೂರು ಟನ್ನಿನಷ್ಟು ಸ್ಟೀಮ್ ಎಳೆಯುತ್ತಿದ್ದವು. ಅಂದರೆ ಇಪ್ಪತ್ತು ನಿಮಿಷದಲ್ಲಿ ಒಂದು ಟನ್ ನೀರು ಆವಿಯಾಗಿ ಹೊರಗೆ ಹೋಗಿದೆ, ಒಳಗೆ ಒಂದು ಹನಿ ಬಂದಿಲ್ಲ. ಹಾಗಿದ್ದ ಮೇಲೆ ಗ್ಲಾಸಿನಲ್ಲಿ ನೀರು ಇಳಿಯಬೇಕು ಅಲ್ವಾ? ಇಳಿದಿಲ್ಲ. ಮೀಟರ್ ನೋಡಿದೆ. ಚಿಮಣಿಗೆ ಹೋಗುವ ಹೊಗೆಯ ಬಿಸಿ ದಿನಾ 210 ಡಿಗ್ರಿ ಇರುತ್ತಿದ್ದದ್ದು 260 ದಾಟಿತ್ತು.

ಗ್ಲಾಸಿಗೆ ಮೇಲಿನಿಂದ ಸ್ಟೀಮ್ ಬರುವ ಕಾಕ್ ಮುಚ್ಚಿ, ಕೆಳಗಿನ ಡ್ರೇನ್ ತೆಗೆದೆ. ಬಾಯ್ಲರಿನಿಂದ ಗ್ಲಾಸಿಗೆ ನೀರು ಬರುವ ಕೆಳಗಿನ ದಾರಿ ತೆರೆದಿದ್ದರೆ ನೀರು ಭರ್ ಅಂತ ಚಿಮ್ಮಬೇಕು. ಗ್ಲಾಸಿನಲ್ಲಿದ್ದ ನೀರು ಸುರಿದು ಹೋಯಿತು, ಆಮೇಲೆ ಏನೂ ಬರಲಿಲ್ಲ.

ಕೆಳಗಿನ ಕಾಕ್ ಕೆಸರಿನಿಂದ ಕಟ್ಟಿಕೊಂಡಿತ್ತು. ಹೀಗಾದಾಗ ಮೇಲಿನಿಂದ ಬರುವ ಸ್ಟೀಮ್ ಗ್ಲಾಸಿನಲ್ಲೇ ತಣಿದು ನೀರಾಗಿ ನಿಲ್ಲುತ್ತದೆ. ನಾವು ನೋಡುತ್ತಿದ್ದದ್ದು ಬಾಯ್ಲರಿನ ನೀರಲ್ಲ, ಗ್ಲಾಸಿನದೇ ನೀರು. ಎರಡನೇ ಗ್ಲಾಸ್ ಒಡೆದು ಎಷ್ಟೋ ದಿನವಾಗಿತ್ತು, ಅದರ ಕಾಕ್‌ಗಳನ್ನು ಮುಚ್ಚಿಟ್ಟಿದ್ದರು. ನೀರು ಇಳಿದಾಗ ಪಂಪ್ ಓಡಿಸುವ ಲೆವೆಲ್ ಕಂಟ್ರೋಲರಿನ ಫ್ಲೋಟ್ (ನೀರಿನ ಮೇಲೆ ತೇಲುವ ಗುಂಡು) ಕೂಡ ಅದೇ ಕೆಸರಿನಲ್ಲಿ ಸಿಕ್ಕಿ ಮೇಲೆಯೇ ನಿಂತಿತ್ತು. ಅದಕ್ಕೇ ಪಂಪ್ ಓಡಿರಲಿಲ್ಲ. ನೀರು ತೀರಾ ಇಳಿದಾಗ ಎಲ್ಲವನ್ನೂ ನಿಲ್ಲಿಸಬೇಕಾದ ಇನ್ನೊಂದು ಟ್ರಿಪ್ ಇತ್ತು. ಸುಮ್‌ಸುಮ್ನೆ ನಿಲ್ಲಿಸುತ್ತದೆ ಅಂತ ಯಾರೋ ಅದಕ್ಕೆ ಒಂದು ತುಂಡು ವೈರ್ ಸಿಕ್ಕಿಸಿ ಬೈಪಾಸ್ ಮಾಡಿದ್ದರು.

ಅಣ್ಣ ಹೆದರಿ ಪಂಪ್ ಸ್ವಿಚ್ಚಿನ ಕಡೆ ಓಡಿದರು. ನಾನು ಅವರ ಕೈ ಹಿಡಿದುಕೊಂಡೆ. ಆ ಕ್ಷಣ ನೆನೆದರೆ ಈಗಲೂ ಎದೆ ಡವಡವ ಅನ್ನುತ್ತದೆ. ನೀರು ಕಡಿಮೆಯಾದರೆ ನೀರು ಬಿಡಬೇಕು ಅನ್ನುವುದು ಮನುಷ್ಯನಿಗೆ ತಾನಾಗಿ ಬರುವ ಬುದ್ಧಿ. ಆದರೆ ಎಷ್ಟು ಇಳಿದಿದೆ ಅಂತ ಗೊತ್ತಿಲ್ಲದಾಗ ಅದಕ್ಕಿಂತ ಅಪಾಯದ ಕೆಲಸ ಇಲ್ಲ. ನೀರು ಬಿಟ್ಟು ಹೋದ ಕಬ್ಬಿಣ ಕಾದು ಕೆಂಪಾಗಿರಬಹುದು. ಅದರ ಮೇಲೆ ನೀರು ಬಿದ್ದರೆ ಒಂದೇ ಸಲಕ್ಕೆ ಸ್ಟೀಮ್ ಏಳುತ್ತದೆ, ಲೋಹ ಸೀಳಬಹುದು. ಒಳಗಿರುವ ನೀರು ಹತ್ತಿರ ಹತ್ತಿರ 180 ಡಿಗ್ರಿ ಬಿಸಿ. ಬಾಯ್ಲರ್ ಸೀಳಿ ಪ್ರೆಶರ್ ಇಳಿದರೆ ಅದು ಥಟ್ಟನೆ ಆವಿಯಾಗತೊಡಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಬಾಯ್ಲರ್ ಸ್ಫೋಟದಲ್ಲಿ ಗೋಡೆ ಹಾರಿ ಹೋಗುವುದು ಇದರಿಂದಲೇ.

ಎಫ್‌ಡಿ, ಐಡಿ ಎರಡೂ ಫ್ಯಾನ್ (ಬೆಂಕಿಗೆ ಗಾಳಿ ಊದುವುದು ಒಂದು, ಹೊಗೆ ಎಳೆಯುವುದು ಒಂದು) ನಿಲ್ಲಿಸಿದೆವು. ಗಾಳಿ ದಾರಿಯ ಬಾಗಿಲು, ಅಂದರೆ ಡ್ಯಾಂಪರ್, ಮುಚ್ಚಿದೆವು. ಸೌದೆ ಬೆಂಕಿ ಎಣ್ಣೆ ಬರ್ನರಿನ ಹಾಗಲ್ಲ, ಸ್ವಿಚ್ ಒತ್ತಿದರೆ ಆರುವುದಿಲ್ಲ. ಒದ್ದೆ ಬೂದಿ ಹಾಕಿ ಮುಚ್ಚಿದೆವು. ಸೇಫ್ಟಿ ವಾಲ್ವ್ ಮುಟ್ಟಲಿಲ್ಲ, ತಳದ ನೀರು ಹೊರಗೆ ಬಿಡುವ ಬ್ಲೋಡೌನ್ ಮುಟ್ಟಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದೆ. ಪ್ರೊಡಕ್ಷನ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಬಟ್ಟೆ ಬಣ್ಣದಲ್ಲಿ ನಿಂತಿದೆ, ಹತ್ತು ನಿಮಿಷ ಸ್ಟೀಮ್ ಕೊಡಿ ಅಂತ.

ಪೂರ್ತಿ ತಣ್ಣಗಾದ ಮೇಲೆ ಮ್ಯಾನ್‌ಹೋಲ್ ತೆಗೆದೆವು. ನೀರು ತಣಿದರೆ ಕುಗ್ಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದರೂ ಬಿಸಿ ಹೊಗೆ ಹಾಯುವ ಮೇಲಿನ ಸಾಲಿನ ಟ್ಯೂಬುಗಳು ನೀರಿನಿಂದ ಹೊರಗೆ ಬಂದಿದ್ದು ಖಚಿತ. ನೀರು ತುಂಬಿ ಒತ್ತಡ ಹಾಕಿ ನೋಡುವ ಹೈಡ್ರಾಲಿಕ್ ಟೆಸ್ಟಿನಲ್ಲಿ ಹನ್ನೊಂದು ಟ್ಯೂಬುಗಳ ತುದಿ ಸೋರಿತು. ಒಂಬತ್ತು ದಿನ ಕಾರ್ಖಾನೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ರಾತ್ರಿಗೂ ಎಂಜಿನಿಯರ್ ಬೇಕು ಅಂತ ನಾನು ಕೇಳಿದ್ದು ಆಗ. ಮಾಲೀಕರು ಕೇಳಿದ ಪ್ರಶ್ನೆಯಲ್ಲೂ ನ್ಯಾಯವಿತ್ತು: "ಕಾನೂನು ಕೇಳದ್ದನ್ನು ನಾನ್ಯಾಕೆ ಮಾಡಲಿ?" ನಿಜ. 2011ರ ನಿಯಮದಲ್ಲಿ ಬಾಯ್ಲರಿನ ಹೀಟಿಂಗ್ ಸರ್ಫೇಸ್ (ಬೆಂಕಿ, ಬಿಸಿ ಹೊಗೆ ತಾಗಿ ನೀರು ಕಾಯಿಸುವ ಲೋಹದ ಮೈ) 1,000 ಚದರ ಮೀಟರ್ ದಾಟಿದರೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಬೇಕು. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಸಾಕು. ನಮ್ಮ ಬಾಯ್ಲರ್ ಕಾನೂನು ಹುಟ್ಟಿದ್ದೇ 1863ರಲ್ಲಿ ಕೋಲ್ಕತ್ತಾದಲ್ಲಿ ಒಂದು ಬಾಯ್ಲರ್ ಸಿಡಿದು ಜನ ಸತ್ತ ಮೇಲೆ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಾರೆ, ಶ್ರದ್ಧೆಯಿಂದಲೇ ನೋಡುತ್ತಾರೆ. ಆದರೆ ಅವರು ಒಳಗೆ ಇಳಿದು ನೋಡುವಾಗ ಬಾಯ್ಲರ್ ತಣ್ಣಗಿರುತ್ತದೆ, ತೊಳೆದಿರುತ್ತದೆ. ಉಳಿದ ದಿನ ಅದು ಹೇಗಿರುತ್ತದೆ ಅನ್ನುವುದು ಅಲ್ಲೇ ನಿಂತವರಿಗೆ ಮಾತ್ರ ಗೊತ್ತು.

ಒಂದು ಹಾಳೆಯಲ್ಲಿ ಒಂಬತ್ತು ದಿನದ ನಷ್ಟ ಬರೆದೆ. ಪಕ್ಕದಲ್ಲಿ ಇಬ್ಬರು ಎಂಜಿನಿಯರುಗಳ ವರ್ಷದ ಸಂಬಳ ಬರೆದೆ. ಮಾಲೀಕರು ಒಪ್ಪಿದರು. ಈಗ ಮೂರು ಶಿಫ್ಟಿಗೆ ನಾವು ಮೂವರು.

ಆಮೇಲೆ ಮೊದಲು ಮಾಡಿದ ಕೆಲಸ, ನನ್ನ ಟೇಬಲ್ಲನ್ನು ಆಫೀಸಿನಿಂದ ಬಾಯ್ಲರ್ ಹೌಸಿಗೆ ಎಳೆಸಿದ್ದು. ಧೂಳು, ಸೆಕೆ ಜಾಸ್ತಿ. ಆದರೆ ಪಂಪ್ ಯಾವಾಗ ನಿಲ್ಲುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಪ್ರತಿ ಶಿಫ್ಟ್ ಶುರುವಿನಲ್ಲಿ ಹೋಗುವವರು, ಬರುವವರು ಇಬ್ಬರೂ ನಿಂತು ಎರಡೂ ಗ್ಲಾಸ್ ಬ್ಲೋ ಮಾಡುತ್ತೇವೆ, ಅಂದರೆ ಡ್ರೇನ್ ತೆಗೆದು ದಾರಿ ಕಟ್ಟಿಲ್ಲ ಅಂತ ನೋಡುತ್ತೇವೆ. ಫ್ಲೋಟ್ ಚೇಂಬರಿನ ಕೆಸರು ಬಿಡುತ್ತೇವೆ. ವಾರಕ್ಕೊಮ್ಮೆ ಎಂಜಿನಿಯರ್ ಎದುರಿನಲ್ಲೇ, ಗ್ಲಾಸಿನಲ್ಲಿ ನೀರು ಕಾಣುತ್ತಿರುವ ಹಾಗೇ ನಿಧಾನಕ್ಕೆ ಇಳಿಸಿ, ಟ್ರಿಪ್ ಕೆಲಸ ಮಾಡುತ್ತದೆಯೇ ಅಂತ ನೋಡುತ್ತೇವೆ. ಪ್ಯಾನೆಲ್ಲಿಗೆ ಬೀಗ ಹಾಕಿದೆ.

ಲಾಗ್ ಬುಕ್ ವಿಷಯ ಸ್ವಲ್ಪ ಹೇಳಬೇಕು. ಹಳೆಯದರಲ್ಲಿ ಎಂಟು ಗಂಟೆಯ ರೀಡಿಂಗೂ ಒಂದೇ ಕೈಬರಹ, ಒಂದೇ ಪೆನ್ನು, ಒಂದೇ ಅಂಕಿ. ಶಿಫ್ಟ್ ಕೊನೆಯಲ್ಲಿ ಕೂತು ತುಂಬಿದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ನಾನು ಬೈಯಲಿಲ್ಲ. ಯಾರೂ ಓದದ ಪುಸ್ತಕವನ್ನು ಯಾರು ತಾನೇ ಸರಿಯಾಗಿ ಬರೆಯುತ್ತಾರೆ? ಗಂಟೆಗೊಮ್ಮೆ ಒಳಗೆ ಹೋದ ನೀರು, ಹೊಗೆಯ ಬಿಸಿ, ಫೀಡ್ ನೀರಿನ ಗಡಸುತನ, ಬಾಯ್ಲರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಇಷ್ಟನ್ನೇ ಇಟ್ಟೆ. ದಿನಾ ಬೆಳಿಗ್ಗೆ ಓದಿ, ಅನುಮಾನ ಬಂದಲ್ಲಿ ಹೋಗಿ ಕೇಳತೊಡಗಿದೆ. ಎರಡೇ ವಾರಕ್ಕೆ ಅಂಕಿಗಳು ನಿಜವಾದವು. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರಿಗೆ ಉಪ್ಪು ಹಾಕುವುದನ್ನು ಬಿಟ್ಟ ದಿನ ಅದರಲ್ಲೇ ಕಾಣತೊಡಗಿತು. ಕೆಸರಿನ ಮೂಲವೂ ಆ ನೀರಿನಲ್ಲೇ ಸಿಕ್ಕಿತು.

ಇಷ್ಟಿದ್ದರೂ ಒಂದು ಕಾಗದ ಬೇಕಾಗಿತ್ತು. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಸ್ಥಾವರದ 500 ಮೆಗಾವಾಟ್ ಘಟಕದಲ್ಲಿ ಅನಾಹುತವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಬಾಯ್ಲರಿನ ತಳದಲ್ಲಿ ಬೂದಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಘಟಕ ಓಡುತ್ತಿತ್ತು. ಸತ್ತವರಲ್ಲಿ ಹಿರಿಯ ಎಂಜಿನಿಯರುಗಳೂ ಇದ್ದರು. ಕಲಿತವರು ಸ್ಥಳದಲ್ಲಿದ್ದರೆ ಸಾಲದು, ನಿಲ್ಲಿಸುವ ಅಧಿಕಾರವೂ ಇರಬೇಕು ಅನ್ನುವುದು ನನಗೆ ಇದರಿಂದ ಮನಸ್ಸಿಗೆ ನಾಟಿತು. ಅದಕ್ಕೇ ಮಾಲೀಕರ ಸಹಿಯಲ್ಲಿ ಬರೆಸಿಕೊಂಡೆ: ಶಿಫ್ಟ್ ಎಂಜಿನಿಯರಿಗೆ ಅನುಮಾನ ಬಂದರೆ ಯಾರನ್ನೂ ಕೇಳದೆ ಬಾಯ್ಲರ್ ನಿಲ್ಲಿಸಬಹುದು, ನಿಲ್ಲಿಸಿದ್ದಕ್ಕೆ ಯಾರೂ ವಿವರಣೆ ಕೇಳುವಂತಿಲ್ಲ. ಅದೀಗ ಬಾಯ್ಲರ್ ಹೌಸಿನ ಗೋಡೆಯ ಮೇಲಿದೆ. ಈವರೆಗೆ ನಾಲ್ಕು ಸಲ ಬಳಸಿದ್ದೇವೆ. ಎರಡು ಸಲ ನಮ್ಮ ಅನುಮಾನ ತಪ್ಪಾಗಿತ್ತು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಅಣ್ಣನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯಲಿಲ್ಲ. ಬೆಂಕಿಯ ಬಣ್ಣ ನೋಡಿ ಸೌದೆ ಹಸಿಯಿದೆ ಅಂತ ಅವರು ಹೇಳುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಗ್ಲಾಸ್ ಹೇಗೆ ಸುಳ್ಳು ಹೇಳುತ್ತದೆ ಅಂತ ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ. ಈಗ ಹೊಸ ಹುಡುಗರಿಗೆ ಗ್ಲಾಸ್ ಬ್ಲೋ ಮಾಡುವುದನ್ನು ಅವರೇ ಕಲಿಸುತ್ತಾರೆ. ಸ್ಟೋರಿನಲ್ಲಿ ವಾಷರ್ ಸಮೇತ ನಾಲ್ಕು ಗೇಜ್ ಗ್ಲಾಸ್ ಯಾವಾಗಲೂ ಇರುತ್ತವೆ. ತಿಂಗಳ ಇಂಡೆಂಟಿನಲ್ಲಿ, ಅಂದರೆ ಬೇಕಾದ ಸಾಮಾನಿನ ಪಟ್ಟಿಯಲ್ಲಿ, ಆ ಸಾಲನ್ನು ಈಗ ಯಾರೂ ಹೊಡೆದು ಹಾಕುವುದಿಲ್ಲ.