ಬಾವಲಿ ದನಿಯ ರೆಕಾರ್ಡಿಂಗ್: ಕಾರ್ಡ್ ಕೈಗೆ ಬಂದ ಮೇಲೆ ಏನು ಮಾಡಬೇಕು?

ನಮ್ಮ ಕೊಡಗಿನ ಕಾಫಿ ತೋಟದಲ್ಲಿ ರಾತ್ರಿ ಹುಳ ಹಿಡಿಯುತ್ತಾ ಹಾರುವ ಸಣ್ಣ ಬಾವಲಿಗಳ ಕೂಗು ನಮಗೆ ಕೇಳಿಸುವುದಿಲ್ಲ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ, ಅವುಗಳ ಕೂಗು ಬಹುಪಾಲು ಅದರ ಮೇಲೆಯೇ ಇರುತ್ತದೆ. ಆಡಿಯೋಮಾತ್‌ನಂಥ ಅಂಗೈಯಗಲದ ರೆಕಾರ್ಡರ್ ಒಂದನ್ನು ಕೆರೆ ಏರಿಯ ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಬಂದರೆ ರಾತ್ರಿಯಿಡೀ ಅದು ಕೇಳಿಸಿಕೊಳ್ಳುತ್ತದೆ. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು. ಯಾವ ಕೂಗು ಯಾವ ಜಾಗದಲ್ಲಿ, ಯಾವ ರಾತ್ರಿ ಸಿಕ್ಕಿತು ಅನ್ನುವುದು ಎರಡು ವರ್ಷ ಬಿಟ್ಟು ಬೇರೆ ಯಾರೋ ಫೈಲ್ ತೆರೆದಾಗಲೂ ಗೊತ್ತಾಗಬೇಕು. ಹಾಗೆ ಇಟ್ಟುಕೊಳ್ಳುವುದು ಹೇಗೆ ಅಂತ ಈಗ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅತ್ತಿ, ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಹಣ್ಣುಬಾವಲಿಗಳು ಇದರಲ್ಲಿ ಸಿಗುವುದಿಲ್ಲ. ಅವು ಕಣ್ಣು, ಮೂಗು ನಂಬಿ ಹಾರುವ ಜೀವಿಗಳು. ಇಲ್ಲಿ ಹೇಳುತ್ತಿರುವುದೆಲ್ಲ ಹುಳ ತಿನ್ನುವ ಸಣ್ಣವುಗಳ ವಿಚಾರ.

ಕಟ್ಟುವ ಮುಂಚೆ

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಅನ್ನುವುದನ್ನು, 384 ಕಿಲೋಹರ್ಟ್ಸ್‌ಗೆ ಇಡಿ. ರೆಕಾರ್ಡರ್ ಹಿಡಿಯುವುದು ಈ ಸಂಖ್ಯೆಯ ಅರ್ಧದವರೆಗಿನ ದನಿಯನ್ನು ಮಾತ್ರ. ಜಾಗ ಉಳಿಯಲಿ ಅಂತ 192ಕ್ಕೆ ಇಳಿಸಿದರೆ 96ರ ಮೇಲಿನದ್ದೆಲ್ಲ ಹೋಯಿತು, ಪಶ್ಚಿಮಘಟ್ಟದ ಎಲೆಮೂಗಿನ ಬಾವಲಿಗಳಲ್ಲಿ ಕೆಲವು 120ರ ಮೇಲೆ ಕೂಗುತ್ತವೆ. 384ರಲ್ಲಿ ಗಂಟೆಗೆ ಸುಮಾರು 2.8 ಜಿಬಿ, ಹನ್ನೆರಡು ಗಂಟೆಗೆ 33 ಜಿಬಿ ಆಗುತ್ತದೆ ನಿಜ. ದೊಡ್ಡ ಕಾರ್ಡ್ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ.

ಇನ್ನೊಂದು ವಿಷಯ ಗಡಿಯಾರದ್ದು. ಆಡಿಯೋಮಾತ್ ಹೊತ್ತನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ ಬರೆಯುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಂಜೆ 6.30ಕ್ಕೆ ಶುರುವಾದ ಫೈಲಿನ ಹೆಸರಿನಲ್ಲಿ 130000 ಅಂತ ಇರುತ್ತದೆ. ನೋಡಿದವರು ಮಧ್ಯಾಹ್ನ ಒಂದು ಗಂಟೆಗೆ ಬಾವಲಿ ಹಾರಿತು ಅಂದುಕೊಳ್ಳುತ್ತಾರೆ. ಸೆಟ್ಟಿಂಗ್‌ನಲ್ಲಿ ಸ್ಥಳೀಯ ಸಮಯಕ್ಕೆ ಬದಲಾಯಿಸಬಹುದು, ಬದಲಾಯಿಸದೆ ಹಾಗೇ ಬಿಡಲೂಬಹುದು, ಆದರೆ ಎಲ್ಲ ರೆಕಾರ್ಡರ್‌ಗಳಲ್ಲೂ ಒಂದೇ ಥರ ಇರಲಿ, ಯಾವುದು ಅಂತ ಪುಸ್ತಕದಲ್ಲಿ ಬರೆದಿಡಿ.

ತೋಟ ನಿಮ್ಮದಲ್ಲವಾದರೆ ಮಾಲೀಕರನ್ನು ಕೇಳಿ. ದೇವರಕಾಡಾದರೆ ಊರಿನವರನ್ನು ಕೇಳಬೇಕು. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯಂಥ ರಕ್ಷಿತ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕಟ್ಟುವಂತಿಲ್ಲ.

ಕಾರ್ಡ್ ತೆಗೆದ ಬೆಳಿಗ್ಗೆ

ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರ್‌ಗೆ ಹಾಕಿ, ಅಡಾಪ್ಟರಿನ ಎಡಬದಿಯಲ್ಲಿರುವ ಸಣ್ಣ ಗುಂಡಿಯನ್ನು ಕೆಳಗೆ ಸರಿಸಿ. ಅದು ಬೀಗ. ಇನ್ನು ಕಂಪ್ಯೂಟರ್ ಆ ಕಾರ್ಡನ್ನು ಓದಬಹುದು, ಅಳಿಸಲಾಗದು. ಆಮೇಲೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಒಂದೇ ಇದೆಯಾ ನೋಡಿ. ಎರಡನೇ ಕಾಪಿ ಬೇರೆ ಹಾರ್ಡ್‌ಡಿಸ್ಕಿಗೆ ಹೋಗಲಿ. ಇಷ್ಟಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಎಷ್ಟೇ ಅವಸರ ಇದ್ದರೂ.

ಫೋಲ್ಡರಿಗೆ ಹೆಸರು ಕೊಡುವಾಗ ಊರು, ಜಾಗ, ರಾತ್ರಿಯ ತಾರೀಕು, ಈ ಮೂರೂ ಬರಲಿ. ಸುಮ್ನೆ 'ತೋಟ 1' ಅಂತ ಇಟ್ಟರೆ ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ. ಪೊನ್ನಂಪೇಟೆ, ಕೆರೆ ಏರಿ, 2025ರ ಮಾರ್ಚ್ 12 ಅಂತಿದ್ದರೆ ಗೊಂದಲವಿಲ್ಲ. ತಾರೀಕನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಫೋಲ್ಡರುಗಳು ತಾವೇ ಸಾಲಾಗಿ ನಿಲ್ಲುತ್ತವೆ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕನ್ನಡ ಅಕ್ಷರದ ಫೋಲ್ಡರ್ ಕಂಡರೆ ಕೆಲವು ಸಾಫ್ಟ್‌ವೇರ್ ತೆರೆಯದೆ ನಿಂತುಬಿಡುತ್ತವೆ.

ಈ ಮೂಲ ಫೈಲುಗಳನ್ನು ಇನ್ನು ಮುಟ್ಟಬೇಡಿ. ಹೆಸರು ಬದಲಾಯಿಸುವುದು, ಕತ್ತರಿಸುವುದು ಏನಿದ್ದರೂ ಕಾಪಿಯ ಮೇಲೆ.

ಸಾಫ್ಟ್‌ವೇರ್ ಒಳಗೆ

ಬಾವಲಿ ಕೂಗನ್ನು ವಿಂಗಡಿಸುವ ಕೆಲೈಡೋಸ್ಕೋಪ್ ಎಂಬ ಸಾಫ್ಟ್‌ವೇರ್ ಬಳಸುವವರು ಜಾಸ್ತಿ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ. ಲೈಟ್ ಆವೃತ್ತಿಗೆ ದುಡ್ಡಿಲ್ಲ, ಫೈಲ್ ನೋಡಲು, ಕೇಳಲು ಅಷ್ಟು ಸಾಕು. ತಾನೇ ಬಾವಲಿಯ ಹೆಸರು ಹೇಳುವ ಸೌಲಭ್ಯ ದುಡ್ಡು ಕೊಟ್ಟು ಕೊಳ್ಳುವ ಪ್ರೊ ಆವೃತ್ತಿಯಲ್ಲಿದೆ.

ಇನ್‌ಪುಟ್ ಫೋಲ್ಡರ್ ಒಂದು, ಔಟ್‌ಪುಟ್ ಫೋಲ್ಡರ್ ಇನ್ನೊಂದು. ಎರಡೂ ಒಂದೇ ಆಗಕೂಡದು. ಉದ್ದದ ಫೈಲುಗಳನ್ನು 5 ಸೆಕೆಂಡಿನ ತುಂಡುಗಳಾಗಿ ಒಡೆಯಲು ಹೇಳಿ, ಒಂದು ತುಂಡು 4 ಎಂಬಿ ಒಳಗೇ ಇರುತ್ತದೆ, ತೆರೆಯುವುದೂ ಬೇಗ. ರೆಕಾರ್ಡರ್ ಬರೆದ ವೇವ್ (WAV) ಫೈಲನ್ನು ವೇವ್ ಆಗಿಯೇ ಉಳಿಸಿಕೊಳ್ಳಿ. ಜಾಗ ಉಳಿಸಲು, ದನಿಯ ಏರಿಳಿತವನ್ನಷ್ಟೇ ಇಟ್ಟುಕೊಳ್ಳುವ ಸಣ್ಣ ರೂಪವಾದ ಝೀರೋ ಕ್ರಾಸಿಂಗ್‌ಗೆ ಬದಲಾಯಿಸಿದರೆ ಕೂಗಿನ ಜೋರು ಎಷ್ಟಿತ್ತು, ಅದರ ಜೊತೆ ಬೇರೆ ಏನು ಕೇಳಿಸುತ್ತಿತ್ತು ಅನ್ನುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ.

ಈಗ ಬರುವುದು ಎಲ್ಲಕ್ಕಿಂತ ಮುಖ್ಯವಾದ ಪರದೆ. ಎಷ್ಟರಿಂದ ಎಷ್ಟು ಕಿಲೋಹರ್ಟ್ಸ್‌ವರೆಗಿನ ದನಿಯನ್ನು ಬಾವಲಿ ಅಂತ ಲೆಕ್ಕಕ್ಕೆ ತಗೊಳ್ಳಬೇಕು ಅಂತ ಸಾಫ್ಟ್‌ವೇರ್ ಕೇಳುತ್ತದೆ, ಮೇಲಿನ ಮಿತಿಯ ಚೌಕದಲ್ಲಿ ಸಾಮಾನ್ಯವಾಗಿ 120 ಅಂತ ಮೊದಲೇ ತುಂಬಿರುತ್ತದೆ. ಹಾಗೇ ಬಿಟ್ಟು ಮುಂದೆ ಹೋದರೆ 125ರಲ್ಲೋ 130ರಲ್ಲೋ ಕೂಗಿದ ಎಲೆಮೂಗಿನ ಬಾವಲಿ ಸದ್ದಿಲ್ಲದೆ, ಬಾವಲಿಯದ್ದಲ್ಲದ ಗದ್ದಲದ ಫೋಲ್ಡರಿಗೆ ಹೋಗಿ ಕೂರುತ್ತದೆ, ನಮ್ಮಲ್ಲಿ ಆ ಬಾವಲಿಯೇ ಇಲ್ಲ ಅಂತ ವರದಿಯಾಗುತ್ತದೆ. ಅದನ್ನು 180ಕ್ಕೆ ಏರಿಸಿ. ಕೂಗಿನ ಉದ್ದದ ಮಿತಿಯನ್ನೂ ನೋಡಿ: ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿಯ ಕೂಗು ಕೆಲವೇ ಮಿಲಿಸೆಕೆಂಡು, ಕುದುರೆಲಾಳ ಮೂಗಿನ ಬಾವಲಿಯದ್ದು 40, 50 ಮಿಲಿಸೆಕೆಂಡು ಎಳೆಯುತ್ತದೆ. ಎರಡೂ ಒಳಗೆ ಬರಬೇಕು.

ಬಾವಲಿ ಇಲ್ಲ ಅನಿಸಿದ ಫೈಲುಗಳನ್ನು ಅಳಿಸಲಾ, ಸರಿಸಲಾ ಅಂತಲೂ ಕೇಳುತ್ತದೆ. ಸರಿಸಿ, ಅಳಿಸಬೇಡಿ. ಸರಿಸಿದ ರಾಶಿಯಿಂದ ಅಲ್ಲೊಂದು ಇಲ್ಲೊಂದು ತೆರೆದು ಕಣ್ಣಾಡಿಸಿದರೆ ನಿಮ್ಮ ಮಿತಿಗಳು ಸರಿಯಿದ್ದವಾ ಅಂತ ಗೊತ್ತಾಗುತ್ತದೆ. ಇದಕ್ಕೆ ಅರ್ಧ ಗಂಟೆಯಾದರೂ ಕೊಡಿ.

ಕಣ್ಣಲ್ಲಿ ನೋಡುವ ಕೆಲಸ

ತಾನಾಗಿ ಬಂದ ಹೆಸರನ್ನು ನಂಬಿ ವರದಿ ಬರೆಯಬೇಡಿ. ಸಾಫ್ಟ್‌ವೇರ್ ಹೋಲಿಸಿ ನೋಡುವ ಹೆಸರಿನ ಪಟ್ಟಿಗಳು ಹೆಚ್ಚಾಗಿ ಯುರೋಪ್, ಅಮೆರಿಕದ ಬಾವಲಿಗಳ ಮೇಲೆ ತಯಾರಾದವು. ಅಲ್ಲಿಯ ಹೆಸರು ಸೋಮವಾರಪೇಟೆಯ ತೋಟದಲ್ಲಿ ಕಾಣಿಸಿಕೊಂಡರೆ ಅದು ಹೊಸ ದಾಖಲೆಯಲ್ಲ, ತಪ್ಪು.

ಹಾಗಾಗಿ ಸಾಫ್ಟ್‌ವೇರ್ ತೋರಿಸುವ ದನಿಯ ಚಿತ್ರ ನೋಡಿ, ಅದರಲ್ಲಿ ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಕಿಲೋಹರ್ಟ್ಸ್. ಕುದುರೆಲಾಳ ಮೂಗಿನದ್ದು ಉದ್ದನೆಯ ಅಡ್ಡಗೆರೆ, ತುದಿಗಳಲ್ಲಿ ಸಣ್ಣ ಬಾಲ. ಎಲೆಮೂಗಿನದ್ದು ಗಿಡ್ಡ ಅಡ್ಡಗೆರೆ, ಕೊನೆಗೆ ಥಟ್ಟನೆ ಕೆಳಗಿಳಿಯುತ್ತದೆ. ಪಿಪಿಸ್ಟ್ರೆಲ್‌ನದ್ದು ಹಾಕಿ ಆಟದ ಕೋಲಿನ ಹಾಗೆ, ಮೇಲಿಂದ ಜಾರಿ ಕೆಳಗೆ ಬಾಗಿ ನಿಲ್ಲುತ್ತದೆ. ಮಿಡತೆ, ಜೀರುಂಡೆಗಳೂ ಈ ಮಟ್ಟದಲ್ಲಿ ಕೂಗುತ್ತವೆ, ಆದರೆ ಒಂದೇ ಸಮನೆ, ಒಂದೇ ಜೋರಿನಲ್ಲಿ. ಬಾವಲಿ ಹಾಗಲ್ಲ. ಹತ್ತಿರ ಬರುವಾಗ ಗೆರೆ ದಪ್ಪಗಾಗುತ್ತದೆ, ದೂರ ಹೋಗುವಾಗ ಮಸುಕಾಗುತ್ತದೆ. ಹುಳ ಸಿಗುವ ಹೊತ್ತಿಗೆ ಕೂಗುಗಳು ಒತ್ತೊತ್ತಾಗಿ ಬಂದು ಕೊನೆಗೆ ಒಂದೇ ಝೇಂಕಾರವಾಗುತ್ತವೆ. ಮಳೆಹನಿ ಬಿದ್ದದ್ದು ಕೆಳಗಿನಿಂದ ಮೇಲಿನವರೆಗೆ ನಿಂತ ಒಂದೇ ಗೆರೆ.

ಕೇಳಬೇಕು ಅನಿಸಿದರೆ ಹತ್ತು ಪಟ್ಟು ನಿಧಾನ ಮಾಡಿ, 50 ಕಿಲೋಹರ್ಟ್ಸ್ ಇದ್ದದ್ದು 5ಕ್ಕೆ ಇಳಿದು ಕಿವಿಗೆ ಬೀಳುತ್ತದೆ. ಎಷ್ಟು ಚಂದ ಇರುತ್ತದೆ ಗೊತ್ತಾ!

ಕೂಗು ಎಷ್ಟು ಕಿಲೋಹರ್ಟ್ಸ್ ಅಂತ ಅಳೆಯುವಾಗ ನಿಧಾನವಾಗಿ ಅಳೆಯಿರಿ. ದಕ್ಷಿಣ ಭಾರತದಲ್ಲಿ ನೋಡಲು ಒಂದೇ ಥರ ಇರುವ ಎರಡು ಕುದುರೆಲಾಳ ಬಾವಲಿಗಳಿವೆ. ಒಂದರ ಕೂಗು 80ರ ಆಸುಪಾಸು, ಇನ್ನೊಂದರದ್ದು 90ರ ಆಸುಪಾಸು. ಪರದೆಯ ಮೇಲೆ ಅದು ಬೆರಳಗಲದ ಅಂತರ. ಹೋಲಿಸಲು ತಮಿಳುನಾಡಿನ ವಾಲ್ಪಾರೈ ಕಡೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದ ಅಳತೆಗಳಿವೆ, ಕೈರೋವಾಕ್ಸ್ ಎಂಬ ಮುಕ್ತ ದನಿ ಭಂಡಾರವೂ ಇದೆ. ಆದರೂ ಕೂಗು ಹೊಂದದಿದ್ದರೆ 'ಗೊತ್ತಿಲ್ಲ' ಅಂತಲೇ ಗುರುತು ಹಾಕಿ. ಅದೂ ಒಳ್ಳೆಯ ಮಾಹಿತಿಯೇ.

ನಿಮ್ಮ ನಿರ್ಧಾರ ಮ್ಯಾನುಯಲ್ ಐಡಿ ಎಂಬ ಜಾಗದಲ್ಲಿ ಹೋಗಲಿ, ಸಾಫ್ಟ್‌ವೇರ್ ಹೇಳಿದ್ದು ಅದರ ಜಾಗದಲ್ಲೇ ಇರಲಿ. ಎರಡೂ ಪಕ್ಕಪಕ್ಕ ಇದ್ದರೆ ಮಾತ್ರ ನಾಳೆ ಯಾರಾದರೂ ಪರೀಕ್ಷಿಸಬಹುದು.

ಪಟ್ಟಿ, ರಾತ್ರಿ ಮತ್ತು ತೇವ

ಸಾಫ್ಟ್‌ವೇರ್ ಕೊನೆಗೆ ಕೊಡುವ ಫಲಿತಾಂಶದ ಪಟ್ಟಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ, ತಾರೀಕುಗಳ ರೂಪ ಬದಲಾಗಿಬಿಡುತ್ತದೆ. ಕಾಪಿ ಮಾಡಿಕೊಂಡು ತೆರೆಯಿರಿ. ರಾತ್ರಿ 2 ಗಂಟೆಗೆ ಹಾರಿದ ಬಾವಲಿ ಕ್ಯಾಲೆಂಡರಿನಲ್ಲಿ ಮರುದಿನದ್ದು, ಆದರೆ ನಮ್ಮ ಲೆಕ್ಕಕ್ಕೆ ಹಿಂದಿನ ಸಂಜೆಯದ್ದೇ, ಅಲ್ವಾ? ಇದಕ್ಕೆಂದೇ ಪಟ್ಟಿಯಲ್ಲಿ ಹನ್ನೆರಡು ಗಂಟೆ ಹಿಂದೆ ಸರಿಸಿದ ತಾರೀಕಿನ ಕಾಲಂ ಒಂದಿದೆ. ಸ್ಥಳೀಯ ಸಮಯದ ಫೈಲುಗಳಾದರೆ ಪ್ರತಿ ರಾತ್ರಿಯ ಲೆಕ್ಕವನ್ನು ಅದರ ಮೇಲೆಯೇ ಮಾಡಿ.

ನಮ್ಮ ಜಿಲ್ಲೆಯಲ್ಲಿ ಹಾರ್ಡ್‌ಡಿಸ್ಕಿಗೆ ತೇವವೇ ದೊಡ್ಡ ಶತ್ರು. ಜೂನ್‌ನಿಂದ ಡಿಸ್ಕ್, ಕಾರ್ಡ್, ರೆಕಾರ್ಡರ್ ಎಲ್ಲವನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಕರೆಂಟ್ ಕೈಕೊಡುವ ದಿನಗಳಲ್ಲಿ ದೊಡ್ಡ ರಾಶಿಯನ್ನು ಸಾಫ್ಟ್‌ವೇರಿಗೆ ಕೊಡಬೇಡಿ, ಒಂದೊಂದು ರಾತ್ರಿಯದ್ದೇ ಕೊಡಿ, ನಡುವೆ ನಿಂತರೂ ಅಷ್ಟನ್ನು ಮತ್ತೆ ಮಾಡಿದರಾಯಿತು.

ಹಂಚಿಕೊಳ್ಳುವ ಆಸೆಯಿದ್ದರೆ 5 ಸೆಕೆಂಡಿನ ತುಂಡುಗಳು, ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಸುಲಭವಾಗಿ ಹೋಗುತ್ತವೆ, ಜೊತೆಗೆ ಚಿತ್ರವನ್ನೂ ಹಾಕಿ. ಬಾವಲಿಗಳು ಮಲಗುವ ಗುಹೆ, ಹಳೇ ಕಟ್ಟಡ, ಪೊಟರೆ ಮರದ ಹತ್ತಿರದ ರೆಕಾರ್ಡಿಂಗ್ ಆದರೆ ಜಾಗ ಮರೆಮಾಡುವ ಆಯ್ಕೆ ಒತ್ತಿ, ತೋಟದ ಹೆಸರನ್ನೂ ಬರೆಯಬೇಡಿ, ತಾಲ್ಲೂಕಿನ ಹೆಸರು ಸಾಕು.