ಮರ ಬಿದ್ದಾಗ ಸೀತಾಳೆ ದಂಡೆ ಉಳಿಸುವುದು ಹೇಗೆ?

ಮಳೆಗಾಲ ಶುರುವಾದರೆ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಹಳೇ ಹಲಸು, ಮಾವು ಉರುಳುವುದು ಹೊಸತಲ್ಲ. ರಸ್ತೆ ಅಗಲ ಮಾಡಲು, ರಬ್ಬರ್ ಹಾಕಲು ಕಡಿದು ಕೆಡವುವುದೂ ಇದೆ. ಮರಕ್ಕೆ ಗಿರಾಕಿ ಸಿಗುತ್ತಾನೆ, ಕೊಂಬೆಯಲ್ಲಿದ್ದ ಸೀತಾಳೆ ದಂಡೆಯಂಥ ಆರ್ಕಿಡ್ ಅಲ್ಲೇ ಒಣಗುತ್ತದೆ. ಬಂದಣಿಕೆ ತಾನೆ, ಹೋಗಲಿ ಬಿಡಿ ಅನ್ನುವವರೇ ಜಾಸ್ತಿ. ಬಂದಣಿಕೆ ಮರದ ರಸ ಹೀರುತ್ತದೆ. ಆರ್ಕಿಡ್‌ಗೆ ಬೇಕಾದ್ದು ಕೂರಲು ಜಾಗ ಮಾತ್ರ. ನೀರನ್ನು ಮಳೆ, ಮಂಜಿನಿಂದ ಅದೇ ಹಿಡಿದುಕೊಳ್ಳುತ್ತದೆ.

ಇಲ್ಲಿ ಹೇಳುವುದು ನಿಮ್ಮ ಜಾಗದಲ್ಲಿ ಬಿದ್ದ ಮರದ ಗಿಡಕ್ಕೆ ಮಾತ್ರ. ಮೀಸಲು ಅರಣ್ಯದಿಂದ ಕಿತ್ತು ತರುವುದು ಅಪರಾಧ.

ಮೊದಲು ಗಿಡ ಗುರುತಿಸಿ. ದಪ್ಪನೆ ಪಟ್ಟಿಯಂಥ ಎಲೆ, ತುದಿ ಕಚ್ಚಿದ ಹಾಗೆ, ಬುಡದಲ್ಲಿ ಬೆರಳು ಗಾತ್ರದ ಬಿಳಿ ಬೇರು ಇದ್ದರೆ ಅದು ಸೀತಾಳೆ ದಂಡೆ. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ. ಅಸ್ಸಾಂನ ರಾಜ್ಯ ಹೂವೂ ಇದೇ. ಕಾಸರಕನ ಮರದಲ್ಲಿ ಚರ್ಮದಂಥ ಉದ್ದ ಎಲೆಯ ಪೊದೆ ಕಂಡರೆ ಅದು ಸಿಂಬಿಡಿಯಮ್ ಎಂಬ ಇನ್ನೊಂದು ಆರ್ಕಿಡ್ ಇರಬಹುದು. ಬೇಸಿಗೆಯಲ್ಲಿ ಅದರ ಗೊಂಚಲು ಜೋತು ಬೀಳುತ್ತದೆ. ಡೆಂಡ್ರೋಬಿಯಮ್ ಎಂಬ ಆರ್ಕಿಡ್ ಮಾತ್ರ ಮೋಸ ಮಾಡುತ್ತದೆ. ಒಣ ಕಾಲದಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಸತ್ತಿತು ಅಂತ ಬಿಸಾಡಬೇಡಿ, ಆ ಕಡ್ಡಿಯಲ್ಲೇ ಹೂ ಬರುತ್ತದೆ.

ಇನ್ನು ಬಿಡಿಸುವ ಕೆಲಸ. ಕೈಯಿಂದ ಎಳೆಯಲೇಬೇಡಿ. ಬೇರು ತೊಗಟೆಗೆ ಅಂಟಿಕೊಂಡಿರುತ್ತದೆ, ಎಳೆದರೆ ತುಂಡಾಗುತ್ತದೆ. ಗಿಡದ ಎರಡೂ ಕಡೆ ಒಂದು ಗೇಣು ಬಿಟ್ಟು ಗರಗಸದಲ್ಲಿ ಕೊಂಬೆಯನ್ನೇ ಕತ್ತರಿಸಿ. ದಪ್ಪ ಕಾಂಡವಾದರೆ ಕತ್ತಿಯಿಂದ ತೊಗಟೆ ಸಮೇತ ಎಬ್ಬಿಸಿ. ಪಾಚಿ ಇದ್ದರೆ ಇರಲಿ. ಆರ್ಕಿಡ್ ಬೀಜ ಮುಖದ ಪೌಡರ್‌ನಷ್ಟು ನುಣುಪು, ಒಳಗೆ ಆಹಾರದ ಸಂಗ್ರಹವೇ ಇಲ್ಲ. ಒಂದು ಬಗೆಯ ಶಿಲೀಂಧ್ರ ಜತೆಯಾಗದೆ ಅದು ಮೊಳೆಯುವುದಿಲ್ಲ. ಆ ಶಿಲೀಂಧ್ರ ಹಳೇ ತೊಗಟೆಯಲ್ಲಿ ಇರಬಹುದು. ಮೊಳೆತದ್ದು ಹೂ ಬಿಡಲು ಮತ್ತೆ ಹಲವು ವರ್ಷ ಬೇಕು. ಹಳೇ ಮರ ಹೋದರೆ ಹೊಸ ಸಸಿ ನೆಟ್ಟು ಲೆಕ್ಕ ಚುಕ್ತಾ ಆಗುವುದಿಲ್ಲ, ಅಲ್ವಾ? ಹೂದಂಡೆ ಇದ್ದರೆ ಕತ್ತರಿಸಿ ಮುಡಿದುಕೊಳ್ಳಿ, ಗಿಡದ ಶಕ್ತಿ ಬೇರಿಗೆ ಹೋಗಲಿ.

ಕಟ್ಟಲು ಒರಟು ತೊಗಟೆಯ ಹಲಸು, ಮಾವು ಒಳ್ಳೆಯದು. ಪೇರಳೆ ಬೇಡ, ತೊಗಟೆ ಕಳಚುತ್ತದೆ. ಅಡಿಕೆ ಮರವೂ ಬೇಡ, ಅದರ ಬುಡದ ಹತ್ತಿರವೂ ಬೇಡ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ತಾಮ್ರ ಆರ್ಕಿಡ್‌ಗೆ ಒಗ್ಗುವುದಿಲ್ಲ. ಬೆಳಗ್ಗಿನ ಎಳೆ ಬಿಸಿಲು ಬೀಳುವ ಕಡೆ, ದನದ ಬಾಯಿಗೆ ಸಿಗದಷ್ಟು ಎತ್ತರದಲ್ಲಿ ತುಂಡನ್ನು ಇಟ್ಟು, ಹಳೇ ಹತ್ತಿ ಸೀರೆಯ ಪಟ್ಟಿಯಿಂದಲೋ ತೆಂಗಿನ ನಾರಿನ ಹಗ್ಗದಿಂದಲೋ ಅಲುಗಾಡದಂತೆ ಬಿಗಿಯಿರಿ. ಕಬ್ಬಿಣದ ತಂತಿ ಮರವನ್ನೇ ಕೊಯ್ಯುತ್ತದೆ. ಮಣ್ಣು, ಸಗಣಿ ಯಾವುದೂ ಮೆತ್ತಬೇಡಿ, ಬೇರಿಗೆ ಗಾಳಿ ಬೇಕು.

ಮಳೆಗಾಲದಲ್ಲಿ ಆರೈಕೆ ಏನೂ ಇಲ್ಲ. ಡಿಸೆಂಬರ್ ಕಳೆದ ಮೇಲೆ ವಾರಕ್ಕೆರಡು ಸಲ ಬೆಳಗ್ಗೆ ನೀರು ಚಿಮುಕಿಸಿ. ಬಿಳಿ ಬೇರು ಒದ್ದೆಯಾದ ಕೂಡಲೇ ಹಸುರಾಗುತ್ತದೆ. ಹಸುರು ತುದಿಯ ಹೊಸ ಬೇರು ಮರವನ್ನು ಹಿಡಿದರೆ ಗಿಡ ಬದುಕಿತು ಅಂತಲೇ ಅರ್ಥ. ಮೊದಲ ವರ್ಷ ಹೂ ಬರದಿದ್ದರೆ ಗಾಬರಿ ಬೇಡ.

ಪದವಿನಲ್ಲಿ, ಅಂದರೆ ಕೆಂಪುಕಲ್ಲಿನ ಹುಲ್ಲುಬಯಲಿನಲ್ಲಿ, ಮಳೆಗೆ ಮೇಲೇಳುವ ನೆಲದ ಆರ್ಕಿಡ್‌ಗೆ ಈ ಉಪಾಯ ನಡೆಯುವುದಿಲ್ಲ. ಅದರ ಗಡ್ಡೆ ಮಣ್ಣಿನೊಳಗೆ ಇರುತ್ತದೆ. ಕೆಂಪುಕಲ್ಲಿನ ಕೋರೆ ಅಲ್ಲಿಗೆ ಬಂದರೆ ಮಣ್ಣು, ಗಡ್ಡೆ, ಶಿಲೀಂಧ್ರ ಎಲ್ಲ ಒಟ್ಟಿಗೇ ಹೋಗುತ್ತವೆ. ನಿಮ್ಮ ಜಾಗದಲ್ಲಿದ್ದರೆ ಸುತ್ತ ನಾಲ್ಕು ಕಲ್ಲಿಟ್ಟು ಗುರುತು ಮಾಡಿ, ಹುಲ್ಲು ಹೆರೆಯುವವರಿಗೆ ಮೊದಲೇ ಹೇಳಿಡಿ.